ಪದಗಳ ಪಟ್ಟಿ ಬಿಡಿ, ಹುಲಿ ಸಾಕುವವರ ವಾದ ಹಿಡಿಯಿರಿ

ಇಂಗ್ಲಿಷ್ ಪದಸಂಪತ್ತು ಬೆಳೆಸಿಕೊಳ್ಳಬೇಕು ಅನ್ನುವವರ ನೋಟ್‌ಬುಕ್‌ಗಳನ್ನು ತುಂಬಾ ನೋಡಿದ್ದೇನೆ. ಎಲ್ಲವೂ ಒಂದೇ ಥರ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಮೊದಲ ಹತ್ತು ಪುಟ ಮುತ್ತಿನಂಥ ಅಕ್ಷರ, ಆಮೇಲೆ ಖಾಲಿ. ನನ್ನ ಅಕ್ಕನ ಮಗ ಹೀಗೆ ನಾನೂರು ಪದ ಬರೆದಿದ್ದ. ‘ಟೇಮ್ ಅಂದ್ರೆ ಏನೋ?’ ಅಂದೆ. ‘ಸಾಕಿದ’ ಅಂದ. ‘ಡೊಮೆಸ್ಟಿಕೇಟೆಡ್?’ ‘ಸಾಕಿದ.’ ‘ಕ್ಯಾಪ್ಟಿವ್?’ ಸ್ವಲ್ಪ ಯೋಚಿಸಿ, ‘ಅದೂ ಒಂಥರಾ ಸಾಕಿದ್ದೇ ಅಲ್ವಾ ಮಾವ?’ ಅಂದ.

ಅಲ್ಲ. ಹುಲಿ, ಹೆಬ್ಬಾವು, ಕೋತಿಗಳನ್ನು ಮನೆಯಲ್ಲಿ ಸಾಕಬಹುದೇ ಅನ್ನುವ ಜಗಳದಲ್ಲಿ ಅರ್ಧ ಪಾಲು ನಡೆಯುವುದೇ ಈ ಮೂರು ಪದಗಳ ನಡುವಿನ ಸಂದಿಯಲ್ಲಿ. ಅವನ ಪಟ್ಟಿ ಪಕ್ಕಕ್ಕಿಡಿಸಿ ಆ ಜಗಳವನ್ನೇ ಓದಿಸಿದೆ. ಹೇಗೆ ಅಂತ ಹೇಳುತ್ತೇನೆ.

ಹೆಜ್ಜೆ 1: ಎರಡು ಲೇಖನ ಹುಡುಕಿ

ಒಂದು ಎಕ್ಸಾಟಿಕ್ ಪ್ರಾಣಿಗಳನ್ನು, ಅಂದರೆ ಮೇಲೆ ಹೇಳಿದ ಹುಲಿ, ಹೆಬ್ಬಾವಿನಂಥವನ್ನು, ಸಾಕುವುದರ ಪರ, ಇನ್ನೊಂದು ವಿರುದ್ಧ. ಎರಡೂ ಚಿಕ್ಕವಿರಲಿ. ನೂರು ಪದಕ್ಕೆ ಐದಕ್ಕಿಂತ ಜಾಸ್ತಿ ಗೊತ್ತಿಲ್ಲದ ಪದ ಸಿಕ್ಕರೆ ಆ ಲೇಖನ ಬಿಟ್ಟು ಬೇರೆ ನೋಡಿ. ‘ಪರ ವಿರೋಧ ಎರಡೂ ಇದೆ’ ಅನ್ನುವ ಒಂದೇ ಲೇಖನ ಬೇಡ. ಅದರಲ್ಲಿ ಇಬ್ಬರೂ ಒಬ್ಬನೇ ಲೇಖಕನ ಪದ ಬಳಸುತ್ತಾರೆ.

ಹೆಜ್ಜೆ 2: ಡಿಕ್ಷನರಿ ಮುಟ್ಟದೆ ಓದಿ

ಓದಿ ಮುಗಿಸಿ, ಲೇಖಕನಿಗೆ ಏನು ಬೇಕು ಅಂತ ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಮುಗೀತು.

ಹೆಜ್ಜೆ 3: ಹನ್ನೆರಡೇ ಪದ ಆರಿಸಿ

ಗೊತ್ತಿಲ್ಲದ ಪದಕ್ಕೆಲ್ಲ ಗೆರೆ ಹೊಡೆಯಬೇಡಿ. ಯಾವ ಪದ ತೆಗೆದರೆ ವಾದವೇ ಬಿದ್ದುಹೋಗುತ್ತದೋ ಅದನ್ನು ಮಾತ್ರ ಹಿಡಿಯಿರಿ. ಹೆಬ್ಬಾವಿನ ಚರ್ಮದ ಬಣ್ಣ ಹೇಳುವ ಪದ ಬೇಡ. ‘ಇನ್‌ವೇಸಿವ್’ ಬೇಕು. ಸಾಕಿದವರಿಂದ ತಪ್ಪಿಸಿಕೊಂಡ ಇಲ್ಲವೇ ಅವರೇ ಬಿಟ್ಟುಬಂದ ಬರ್ಮೀಸ್ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೀಡುಬಿಟ್ಟು ಅಲ್ಲಿನ ಸಣ್ಣಪುಟ್ಟ ಪ್ರಾಣಿಗಳನ್ನೆಲ್ಲ ನುಂಗುತ್ತಿವೆ. ವಿರೋಧಿಗಳ ವಾದ ನಿಂತಿರುವುದು ಈ ಪದದ ಮೇಲೆ. ಹೊರಗಿನಿಂದ ಬಂದದ್ದೆಲ್ಲ ಇನ್‌ವೇಸಿವ್ ಅಲ್ಲ, ಅದು ಬರೀ ‘ನಾನ್ ನೇಟಿವ್’. ಬಂದು, ಹರಡಿ, ಹಾನಿ ಮಾಡಿದರೆ ಇನ್‌ವೇಸಿವ್.

ಡಿಕ್ಷನರಿ ಬಗ್ಗೆ ಒಂದು ಮಾತು. ಒಂದು ಪದಕ್ಕೆ ಒಂದೇ ಕನ್ನಡ ಪದ ಕೊಡುವ ಜೇಬು ಡಿಕ್ಷನರಿ ಈ ಕೆಲಸಕ್ಕೆ ಆಗುವುದಿಲ್ಲ. ಅಕ್ಕನ ಮಗನ ಮೂರು ‘ಸಾಕಿದ’ಗಳು ಬಂದದ್ದು ಅಂಥದ್ದರಿಂದಲೇ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ತೆಗೆದುಕೊಳ್ಳಿ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಯಾವುದಾದರೂ ಸರಿ, ಮೂರೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನನ್ನ ಓಟು ಲಾಂಗ್‌ಮನ್‌ಗೆ. ಅದು ಅರ್ಥ ಹೇಳಲು ಸುಮಾರು 2000 ಸುಲಭ ಪದಗಳನ್ನಷ್ಟೇ ಬಳಸುತ್ತದೆ, ಒಂದು ಪದ ನೋಡಲು ಹೋಗಿ ಇನ್ನೊಂದರಲ್ಲಿ ಸಿಕ್ಕಿಬೀಳುವ ಕಷ್ಟವಿಲ್ಲ. ‘ತಿಂಗಳಲ್ಲಿ ಸಾವಿರ ಪದ’ ಅನ್ನುವ ದಪ್ಪ ಪುಸ್ತಕಗಳನ್ನು ಕೊಳ್ಳಬೇಡಿ. ದಿನಕ್ಕೊಮ್ಮೆ ಪದ ಕಳಿಸುವ ಆ್ಯಪ್‌ಗಳೂ ಅಷ್ಟೆ. ಸಂತೆಯಲ್ಲಿ ಎದುರು ಸಿಕ್ಕವರ ಹೆಸರು ಕೇಳಿದ ಹಾಗೆ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ.

ಹೆಜ್ಜೆ 4: ಅಕ್ಕಪಕ್ಕದ ಪದಗಳನ್ನು ಬಿಡಿಸಿ

ಎಲ್ಲರೂ ಎಡವುವುದು ಇಲ್ಲೇ. ಆತುರ ಮಾಡಬೇಡಿ, ಎರಡು ದಿನ ಹಿಡಿದರೂ ಸರಿ.

ಒಂದೇ ಅರ್ಥ ಅನ್ನಿಸುವ ಪದಗಳನ್ನು ಒಟ್ಟಿಗೆ ಬರೆಯಿರಿ. ಪ್ರತಿಯೊಂದಕ್ಕೂ ‘ಇದು ಯಾರ ಬಗ್ಗೆ ಹೇಳುತ್ತದೆ?’ ಅಂತ ಕೇಳಿ. ಟೇಮ್ ಅನ್ನುವುದು ಒಂದೇ ಪ್ರಾಣಿಯ ಕಥೆ. ಈ ಆನೆ, ಈ ಚಿರತೆ ಮರಿ ಮನುಷ್ಯರಿಗೆ ಒಗ್ಗಿಕೊಂಡಿದೆ. ಕನ್ನಡದ ‘ಪಳಗಿದ’ ಇದಕ್ಕೆ ಹತ್ತಿರ. ಡೊಮೆಸ್ಟಿಕೇಟೆಡ್ ಅನ್ನುವುದು ಇಡೀ ವಂಶದ ಕಥೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತೀವಲ್ಲ, ಆ ಹುಟ್ಟುಗುಣವನ್ನೇ ತಲೆಮಾರುಗಟ್ಟಲೆ ತಿದ್ದುವ ಕೆಲಸ ಅದು. 1959ರಲ್ಲಿ ಡಿಮಿಟ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ ಸೋವಿಯತ್ ರಷ್ಯಾದಲ್ಲಿ ನರಿಗಳ ಮೇಲೆ ಒಂದು ಪ್ರಯೋಗ ಶುರುಮಾಡಿದ. ಪ್ರತಿ ತಲೆಮಾರಿನಲ್ಲೂ ಮನುಷ್ಯರಿಗೆ ಹೆದರದ, ಮೈಮೇಲೆ ಎರಗದ ನರಿಗಳನ್ನಷ್ಟೇ ಆರಿಸಿ ಮರಿ ಮಾಡಿಸಿದರು. ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸುವ ಮರಿಗಳು ಹುಟ್ಟಿದವು. ಮುದ್ದಿಸಿ ಬೆಳೆಸಿದ್ದರಿಂದ ಆದದ್ದಲ್ಲ, ಆರಿಸಿದ್ದರಿಂದ ಆದದ್ದು. ಈಗ ಆನೆಯನ್ನು ನೋಡಿ. ಸಾವಿರಾರು ವರ್ಷಗಳಿಂದ ಮನುಷ್ಯರ ಕೆಲಸ ಮಾಡುತ್ತಿದೆ. ಆದರೂ ಬಹುಪಾಲು ಕಾಡಿನಿಂದಲೇ ಹಿಡಿದು ತಂದು ಪಳಗಿಸಿದವು. ಆನೆ ಟೇಮ್ ಆಗಬಹುದು, ಡೊಮೆಸ್ಟಿಕೇಟೆಡ್ ಅಲ್ಲ.

ಕ್ಯಾಪ್ಟಿವ್ ಪ್ರಾಣಿಯ ಗುಣದ ಬಗ್ಗೆ ಏನೂ ಹೇಳುವುದಿಲ್ಲ. ಬೇಲಿಯ ಬಗ್ಗೆ ಹೇಳುತ್ತದೆ, ಅಷ್ಟೆ.

ಇನ್ನೂ ಒಂದು ಸಂದಿ ಇದೆ. ಮಾರುವವರು ‘ಕ್ಯಾಪ್ಟಿವ್ ಬ್ರೆಡ್’ ಅಂದಾಗ, ಅದು ಬರೀ ‘ಕ್ಯಾಪ್ಟಿವ್ ಬಾರ್ನ್’ ಅಲ್ಲ ತಾನೇ ಅಂತ ನೋಡಿ. ಕಾಡಿನಿಂದ ಹಿಡಿದು ತಂದ ಬಸುರಿ ಹಾವು ಪಂಜರದಲ್ಲಿ ಮರಿ ಹಾಕಿದರೂ ಆ ಮರಿ ಕ್ಯಾಪ್ಟಿವ್ ಬಾರ್ನ್. ಬ್ರೆಡ್ ಅಂದರೆ ತಂದೆ ತಾಯಿ ಕೂಡಿದ್ದೂ ಪಂಜರದಲ್ಲೇ ಆಗಿರಬೇಕು. ಇದು ಸುಮ್ನೆ ಕೂದಲು ಸೀಳುವುದಲ್ಲ. ಕಾಡುಪ್ರಾಣಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್, 1975ರಲ್ಲಿ ಜಾರಿಗೆ ಬಂದದ್ದು, ಪರವಾನಗಿಯಲ್ಲಿ ಇವಕ್ಕೆ ಬೇರೆ ಬೇರೆ ಅಕ್ಷರ ಇಟ್ಟಿದೆ. ಕಾಡಿನಿಂದ ಬಂದದ್ದಕ್ಕೆ ಡಬ್ಲ್ಯೂ. ನಿಯಮದ ಪ್ರಕಾರ ಬ್ರೆಡ್ ಆದದ್ದಕ್ಕೆ ಸಿ. ಪಂಜರದಲ್ಲಿ ಹುಟ್ಟಿಯೂ ಆ ನಿಯಮಕ್ಕೆ ಹೊಂದದ್ದಕ್ಕೆ ಎಫ್.

ಇನ್ನು ‘ಎಕ್ಸಾಟಿಕ್’. ಗ್ರೀಕ್ ಮೂಲದಲ್ಲಿ ‘ಹೊರಗಿನದು’ ಅಂತ. ಪ್ರಾಣಿವೈದ್ಯರು ಇದನ್ನು ನಾಯಿ, ಬೆಕ್ಕು, ಕುದುರೆ, ದನಕುರಿ ಬಿಟ್ಟು ಮಿಕ್ಕ ಸಾಕುಪ್ರಾಣಿಗಳಿಗೆಲ್ಲ ಬಳಸುತ್ತಾರೆ. ಮೊಲ, ಗಿನಿಪಿಗ್ ಕೂಡ ಅವರಿಗೆ ಎಕ್ಸಾಟಿಕ್. ಸುದ್ದಿ ಬರೆಯುವವರಿಗೆ ಎಕ್ಸಾಟಿಕ್ ಅಂದರೆ ಹುಲಿ, ಚಿಂಪಾಂಜಿ. ‘ಲಕ್ಷಾಂತರ ಮನೆಗಳಲ್ಲಿ ಎಕ್ಸಾಟಿಕ್ ಪ್ರಾಣಿಗಳು ಆರಾಮಾಗಿವೆ’ ಅಂತ ಒಬ್ಬ ಬರೆದರೆ ಲೆಕ್ಕಕ್ಕೆ ಮೊಲ ಸೇರಿಸಿ, ಮನಸ್ಸಿಗೆ ಹುಲಿ ತೋರಿಸುತ್ತಿದ್ದಾನೆ ಅಂತ ಅರ್ಥ. ಎದುರು ಪಕ್ಷದವರೂ ಕಡಿಮೆಯಿಲ್ಲ. ಹುಲಿಯ ಫೋಟೋ ಹಾಕಿ ಗೆಕ್ಕೊ ಹಲ್ಲಿಯನ್ನೂ ನಿಷೇಧಿಸಿ ಅನ್ನುತ್ತಾರೆ.

ವೆನಮಸ್, ಪಾಯ್ಸನಸ್ ಜೋಡಿಯನ್ನೂ ಇಲ್ಲೇ ಮುಗಿಸಿ. ಅದು ಕಚ್ಚಿದರೆ ವಿಷ ಏರುವುದಾದರೆ ವೆನಮಸ್, ನಾವು ತಿಂದರೆ ಅಥವಾ ಮುಟ್ಟಿದರೆ ಏರುವುದಾದರೆ ಪಾಯ್ಸನಸ್. ಪಾಯ್ಸನ್ ಡಾರ್ಟ್ ಕಪ್ಪೆಗೆ ವಿಷ ಬರುವುದು ಅದು ಕಾಡಿನಲ್ಲಿ ತಿನ್ನುವ ಇರುವೆ, ನುಸಿಗಳಿಂದ. ಪಂಜರದಲ್ಲಿ ಹುಟ್ಟಿ ಬೇರೆ ಹುಳು ತಿಂದು ಬೆಳೆದದ್ದರಲ್ಲಿ ಆ ವಿಷವಿಲ್ಲ. ಹೆಸರಿನಲ್ಲಿ ಪಾಯ್ಸನ್, ಮೈಯಲ್ಲಿ ಇಲ್ಲ!

ಹೆಜ್ಜೆ 5: ಈಗ ವಾದ ತೂಗಿ

ಪದ ಬಿಡಿಸಿದ್ದರೆ ಇದು ಹಗುರ. ಮೊದಲ ಪ್ಯಾರಾದಲ್ಲಿ ‘ಟೇಮ್’ ಇದ್ದದ್ದು ಮೂರನೇ ಪ್ಯಾರಾದಲ್ಲಿ ಸದ್ದಿಲ್ಲದೆ ‘ಡೊಮೆಸ್ಟಿಕ್’ ಆಗಿದ್ದರೆ ಅಲ್ಲಿ ಕೆಂಪು ಗೆರೆ ಎಳೆಯಿರಿ.

ಅಂಕಿ ಬಂದ ಕಡೆ ನಿಲ್ಲಿ. ‘ಹಾವಿಗಿಂತ ನಾಯಿ ಕಚ್ಚಿದ ಪ್ರಕರಣಗಳೇ ಜಾಸ್ತಿ’ ಅನ್ನುವುದು ಸಾಕುವವರ ನೆಚ್ಚಿನ ಮಾತು. ನಾಯಿ ಸಾಕುವವರೇ ಎಷ್ಟೋ ಪಟ್ಟು ಜಾಸ್ತಿ ಅಲ್ವಾ? ಇಲ್ಲಿ ‘ನಂಬರ್’ ಬೇರೆ, ‘ರೇಟ್’ ಬೇರೆ. ಸಾವಿರ ನಾಯಿಗೆ ಎಷ್ಟು, ಸಾವಿರ ಹಾವಿಗೆ ಎಷ್ಟು ಅಂತ ಕೇಳಬೇಕು.

‘ಅದಕ್ಕೆ ಇಷ್ಟ’ ಅನ್ನುವ ವಾದ ಬಂದರೆ ಸ್ಲೋ ಲೋರಿಸ್ ನೆನಪಿಸಿಕೊಳ್ಳಿ. ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ. ಕಚಗುಳಿ ಇಟ್ಟರೆ ಕೈ ಮೇಲೆತ್ತುವ ಅದರ ವಿಡಿಯೊ ನೋಡಿ ಎಲ್ಲರೂ ಮುದ್ದು ಅಂದರು. ಅದರ ತೋಳಿನ ಒಳಬದಿ, ಮೊಣಕೈ ಹತ್ತಿರ ಒಂದು ಗ್ರಂಥಿ ಇದೆ. ಅದರ ರಸವನ್ನು ನೆಕ್ಕಿ ಎಂಜಲಿಗೆ ಬೆರೆಸಿ ವಿಷ ಮಾಡಿಕೊಂಡು ಕಚ್ಚುತ್ತದೆ. ಕೈ ಎತ್ತುವುದು ಖುಷಿಗಲ್ಲ, ಹೆದರಿ ರಕ್ಷಣೆಗೆ. ‘ಬಿಹೇವಿಯರ್’ ಕಣ್ಣಿಗೆ ಕಾಣುವುದು, ‘ಇಂಟರ್‌ಪ್ರಿಟೇಷನ್’ ನಾವು ಸೇರಿಸುವುದು. ಈ ಎರಡು ಪದ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾನೂನಿನ ಪದಗಳಲ್ಲಿ ಎಲ್ಲವನ್ನೂ ‘ಬ್ಯಾನ್’ ಅಂದುಬಿಡುತ್ತಾರೆ. ಬ್ರಿಟನ್ನಿನ 1976ರ ಅಪಾಯಕಾರಿ ಕಾಡುಪ್ರಾಣಿಗಳ ಕಾಯ್ದೆ ಸಾಕಬೇಡಿ ಅನ್ನುವುದಿಲ್ಲ, ಲೈಸೆನ್ಸ್ ತೆಗೆದುಕೊಳ್ಳಿ ಅನ್ನುತ್ತದೆ. ಅದು ‘ರೆಗ್ಯುಲೇಟ್’. ಅಮೆರಿಕದ ಓಹಾಯೊದಲ್ಲಿ 2011ರಲ್ಲಿ ಒಬ್ಬ ಮಾಲೀಕ ತನ್ನ ಪ್ರಾಣಿಗಳ ಪಂಜರ ತೆರೆದುಬಿಟ್ಟ. ಹೊರಬಿದ್ದವುಗಳಲ್ಲಿ 18 ಹುಲಿ ಸೇರಿದಂತೆ ಹೆಚ್ಚಿನವನ್ನು ಪೊಲೀಸರು ಗುಂಡಿಟ್ಟು ಕೊಂದರು. ಮರುವರ್ಷವೇ ಆ ರಾಜ್ಯ ಕಾನೂನು ಬಿಗಿ ಮಾಡಿತು. 2022ರ ಡಿಸೆಂಬರ್‌ನಲ್ಲಿ ಇಡೀ ಅಮೆರಿಕಕ್ಕೆ ಅನ್ವಯವಾಗುವ ಕಾಯ್ದೆ ಬಂದು ಹುಲಿ ಸಿಂಹಗಳನ್ನು ಮನೆಯಲ್ಲಿ ಸಾಕುವುದು ‘ಪ್ರೊಹಿಬಿಟ್’ ಆಯಿತು. ಆಗಲೇ ಸಾಕುತ್ತಿದ್ದವರು ನೋಂದಣಿ ಮಾಡಿಸಿ ಉಳಿಸಿಕೊಳ್ಳಬಹುದಿತ್ತು. ಇಂಥ ವಿನಾಯಿತಿಗೆ ಇಂಗ್ಲಿಷಿನಲ್ಲಿ ಒಂದು ಮಜಾ ಕ್ರಿಯಾಪದ ಇದೆ: ಗ್ರ್ಯಾಂಡ್‌ಫಾದರ್. ಹೌದು, ತಾತನೇ.

ಹೆದರಿಸುವ ವಾದವನ್ನೂ ಹಾಗೇ ನುಂಗಬೇಡಿ. 2003ರಲ್ಲಿ ಘಾನಾದಿಂದ ತಂದ ದಂಶಕಗಳಿಂದ ಸಾಕಲು ಮಾರುವ ಪ್ರೇರಿ ಡಾಗ್‌ಗಳಿಗೆ (ನಾಯಿಯಲ್ಲ, ಅಳಿಲಿನ ಜಾತಿಯ ಪ್ರಾಣಿ), ಅವುಗಳಿಂದ ಅಮೆರಿಕದ ಜನರಿಗೆ ಮಂಕಿಪಾಕ್ಸ್ ಹರಡಿದ್ದು ನಿಜ. ‘ಝೂನೋಟಿಕ್’, ಅಂದರೆ ಪ್ರಾಣಿಯಿಂದ ಮನುಷ್ಯರಿಗೆ ಹರಡುವ, ಅನ್ನುವ ಪದಕ್ಕೆ ಗಟ್ಟಿ ಸಾಕ್ಷಿ. ಅದರಿಂದ ‘ಎಲ್ಲ ಎಕ್ಸಾಟಿಕ್ ಪ್ರಾಣಿಯೂ ರೋಗ ತರುತ್ತದೆ’ ಅನ್ನಲಾಗದು. ‘ಮೇ’, ‘ಸಮ್’, ‘ಟೆಂಡ್ ಟು’ ಎಂಬ ಪುಟ್ಟ ಪದಗಳಿಗೆ ಸುತ್ತು ಹಾಕಿ. ಇವನ್ನು ಯಾರೂ ನೋಟ್‌ಬುಕ್‌ಗೆ ಇಳಿಸುವುದಿಲ್ಲ, ಇವುಗಳಿಲ್ಲದೆ ಬರೆದ ಇಂಗ್ಲಿಷ್ ಜಗಳಗಂಟನ ಇಂಗ್ಲಿಷ್ ಆಗುತ್ತದೆ.

ಹೆಜ್ಜೆ 6: ನೀವೇ ಬರೆಯಿರಿ

ಪರವಾಗಿ ನಾಲ್ಕು ಸಾಲು, ವಿರುದ್ಧ ನಾಲ್ಕು ಸಾಲು. ಹನ್ನೆರಡೂ ಪದ ಬರಬೇಕು. ನಿಮಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ಮೊದಲು ಬರೆಯಿರಿ, ಪದ ಹುಡುಕಲು ಒದ್ದಾಡುವುದು ಅಲ್ಲೇ. ಪದವನ್ನು ಒಂಟಿಯಾಗಿ ಬಿಡಬೇಡಿ, ಅದರ ಜೊತೆಗಾರನನ್ನೂ ಕರೆತನ್ನಿ: ‘ಥ್ರೆಟ್’ ಬಂದರೆ ‘ಪೋಸ್ ಎ ಥ್ರೆಟ್’, ‘ಬ್ಯಾನ್’ ಬಂದರೆ ‘ಬ್ಯಾನ್ ಆನ್’. ಎಐಗೆ ಬರೆಯಲು ಹೇಳಿದರೆ ಕಲಿಯುವುದು ಅದೇ, ನೀವಲ್ಲ. ಬರೆದ ಮೇಲೆ ತಿದ್ದಲು ಕೊಡಿ, ಬೇಕಾದರೆ.

ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ ಹಾಳೆ ಮುಚ್ಚಿ ಅದೇ ಎಂಟು ಸಾಲನ್ನು ಬಾಯಲ್ಲಿ ಹೇಳಿ. ಮುಂದಿನ ಜೋಡಿಗೆ ‘ಮೃಗಾಲಯ ಬೇಕೇ ಬೇಡವೇ’ ಅನ್ನುವ ವಾದ ಆರಿಸಿಕೊಳ್ಳಿ. ಕ್ಯಾಪ್ಟಿವ್, ಬ್ರೆಡ್, ಬಿಹೇವಿಯರ್ ಅಲ್ಲೂ ಬರುತ್ತವೆ, ಹನ್ನೆರಡರಲ್ಲಿ ಹೊಸದು ಏಳೋ ಎಂಟೋ ಇದ್ದೀತು. ಅಕ್ಕನ ಮಗ ಈಗ ಅದರಲ್ಲಿದ್ದಾನೆ. ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳು ಅವನಿಗೆ ಉಪಯೋಗಕ್ಕೆ ಬಂದಿವೆ. ನಡುವಿನ ಗೆರೆ ಮಾತ್ರ ಇನ್ನೂ ಇದೆ, ಈಗ ಎಡಕ್ಕೆ ಪರ, ಬಲಕ್ಕೆ ವಿರೋಧ.