ವಿದ್ಯುತ್ ಕಾರು ಪರಿಸರಕ್ಕೆ ಹಿತವೇ ಎಂದು ಲೆಕ್ಕ ಹಾಕುವ ಬಗೆ
ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದ್ದರಿಂದ ನಿಮ್ಮ ಈಗಿನ ಕಾರಿಗೆ 100 ಕಿಲೋಮೀಟರಿಗೆ ಬೇಕಾಗುವ ಪೆಟ್ರೋಲನ್ನು ಮೊದಲು ಈ ಅಂಕಿಯಿಂದ ಗುಣಿಸಿರಿ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ ಇದು 15 ಕಿಲೋ ದಾಟುತ್ತದೆ. ಅದೇ ದೂರಕ್ಕೆ ಸಾಧಾರಣ ವಿದ್ಯುತ್ ಕಾರಿಗೆ 15 ಯೂನಿಟ್ ಸಾಕೆಂದುಕೊಂಡು, ಕಲ್ಲಿದ್ದಲನ್ನೇ ಹೆಚ್ಚಾಗಿ ನೆಚ್ಚಿರುವ ಭಾರತದ ವಿದ್ಯುತ್ ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಎಂದು ಹಿಡಿದರೆ, ಹತ್ತೂವರೆ ಕಿಲೋ ಆಗುತ್ತದೆ. ಉಳಿತಾಯವೇನೋ ನಿಜ, ಆದರೆ ಬ್ಯಾಟರಿ ತಯಾರಿಕೆಯಲ್ಲೇ ಹೊರಬಿದ್ದ ಇಂಗಾಲದ ಸಾಲವನ್ನು ಅದು ಮೊದಲು ತೀರಿಸಬೇಕಾದ್ದರಿಂದ, ಅಪರೂಪಕ್ಕೆ ಕಾರು ಓಡಿಸುವವರು ಹಳೆಯದನ್ನೇ ಉಳಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಕೊಂಡವರು, ಪಾವಗಡದ ಸೌರ ಫಲಕಗಳು ದುಡಿಯುವ ಹಗಲಿನಲ್ಲೇ ಚಾರ್ಜ್ ಮಾಡಿರಿ. ಬಿಸಿಲಿಳಿದ ಮೇಲೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳ ಹೊರೆ ಹೆಚ್ಚುತ್ತದೆ.