‘ಬಂತು’ ಅನ್ನಲೋ ‘ಬಂದ’ ಅನ್ನಲೋ: ರೋಬೋಟ್ ಥ್ರಿಲ್ಲರ್ ಬರೆದ ನನ್ನ ಅನುಭವ

ಮೊದಲ ಕರಡಿನ ಮೂರನೇ ಪುಟದಲ್ಲೇ ನನ್ನ ರೋಬೋಟ್ ಅತ್ತುಬಿಟ್ಟಿತ್ತು. ಓದಿದ ಗೆಳತಿ ಹಾಳೆಗಳನ್ನು ವಾಪಸು ಕೊಡುತ್ತಾ, “ಅದು ಅತ್ತರೂ ನನಗೇನೂ ಅನ್ನಿಸಲಿಲ್ಲ ಕಣೇ, ನಲ್ಲಿ ಸೋರಿದ ಹಾಗಾಯ್ತು” ಅಂದಳು. ಸಿಟ್ಟು ಬಂತು. ಎರಡು ದಿನ ಬಿಟ್ಟು ನಾನೇ ಓದಿದೆ. ಹೌದು, ನಲ್ಲಿಯೇ. 80 ಪುಟ ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಕೂತೆ.

ಕಥೆ ಇಷ್ಟು: ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿಯೊಬ್ಬರ ಕೊಲೆಯಾಗಿದೆ. ಆ ಹೊತ್ತಿನಲ್ಲಿ ಅಲ್ಲಿದ್ದ ಸಾಕ್ಷಿ, ಮನುಷ್ಯರ ಭಾವನೆ ಗುರುತಿಸುವ ರೋಬೋಟ್ ಒಂದೇ. ಸರಣಿಯಲ್ಲಿ ಏಳನೆಯದು, ಹಾಗಾಗಿ ಎಲ್ಲರೂ ಅದನ್ನು ‘ಏಳು’ ಅನ್ನುತ್ತಾರೆ. (ಬೆಳಿಗ್ಗೆ ಅದನ್ನು ಚಾಲೂ ಮಾಡುವ ಹುಡುಗ “ಏಳು, ಏಳು” ಅನ್ನುವ ಚೇಷ್ಟೆಯನ್ನು ತೆಗೆಯಲು ಮನಸ್ಸಾಗಲಿಲ್ಲ.)

ಥ್ರಿಲ್ಲರ್‌ಗೆ ಇಂಥ ಪಾತ್ರ ದೊಡ್ಡ ತಲೆನೋವು. ಎದುರಿಗಿರುವವರ ಮನಸ್ಸು ಅದಕ್ಕೆ ಗೊತ್ತಾಗುವುದಾದರೆ ಸುಳ್ಳು ನಡೆಯುವುದು ಎಲ್ಲಿ? ಕೊಲೆಗಾರ ಎರಡನೇ ಅಧ್ಯಾಯದಲ್ಲೇ ಸಿಕ್ಕಿಬೀಳುತ್ತಾನೆ. ಯಂತ್ರಕ್ಕೆ ನಿಜವಾಗಿ ಏನು ಕಾಣುತ್ತದೆ ಅಂತ ಹುಡುಕತೊಡಗಿದೆ. ಮುಖದ ಸ್ನಾಯುಗಳ ಚಲನೆ, ದನಿಯ ಏರಿಳಿತ, ನಾಡಿ. ನಾಡಿಯ ವಿಷಯ ಓದಿ ಬೆರಗಾದೆ. ಮೈ ಮುಟ್ಟಬೇಕಿಲ್ಲ, ಸಾಧಾರಣ ಕ್ಯಾಮೆರಾ ಸಾಕು. ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತ ಹೆಚ್ಚುಕಡಿಮೆಯಾಗಿ ಮುಖದ ಬಣ್ಣ ನಮ್ಮ ಕಣ್ಣಿಗೆ ಕಾಣದಷ್ಟು ಬದಲಾಗುತ್ತಿರುತ್ತದೆ. ಕ್ಯಾಮೆರಾ ಅದನ್ನು ಹಿಡಿದು ಬಡಿತ ಎಣಿಸಬಲ್ಲದು. ಬೆಳಕು ಮಿನುಗಿದರೆ, ತಲೆ ಅಲ್ಲಾಡಿದರೆ ಲೆಕ್ಕ ತಪ್ಪುತ್ತದೆ. ಅದೂ ಇರಲಿ, ನಾಡಿ ಓಡುತ್ತಿದೆ ಅಂತ ಗೊತ್ತಾದ ಮಾತ್ರಕ್ಕೆ ಯಾಕೆ ಓಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಭಯವೋ, ಸಿಟ್ಟೋ, ಪ್ರೀತಿಯೋ, ಮೆಟ್ಟಿಲು ಹತ್ತಿ ಬಂದ ಏದುಸಿರೋ.

ಮೆಟ್ಟಿಲಿನ ಮಾತು ಬರೆದಿಟ್ಟುಕೊಂಡ ಸಂಜೆಯೇ ಕಥೆ ಕೈಗೆ ಸಿಕ್ಕಿತು. ಏಳನ್ನು ರೂಪಿಸಿದ ಎಂಜಿನಿಯರ್ ವಿಚಾರಣೆಗೆ ಬರುವ ಮುನ್ನ ನಾಲ್ಕು ಮಹಡಿ ಓಡಿ ಹತ್ತುತ್ತಾಳೆ. ಕುರ್ಚಿಯಲ್ಲಿ ಕೂತಾಗ ಎದೆ ಹಾರುತ್ತಿದೆ. ಏಳು ಆಕೆಯನ್ನೇ ನೋಡುತ್ತದೆ, ಕತ್ತು ತುಸು ಓರೆ ಮಾಡುತ್ತದೆ. “ಲಿಫ್ಟ್ ಸರಿಯಿದೆಯಲ್ಲ?” ಅನ್ನುತ್ತದೆ. ಅಷ್ಟೇ. ತನಿಖಾಧಿಕಾರಿಯ ಪಾಲಿಗೆ ಅದು ಕುಶಲೋಪರಿ. ಅವಳಿಗೆ ಮಾತ್ರ ಬೆವರು ಕಿತ್ತುಬರುತ್ತದೆ. ಈ ದೃಶ್ಯವನ್ನು 11 ಸಲ ಬರೆದಿದ್ದೇನೆ. ಮೊದಲಿನ ಹತ್ತರಲ್ಲೂ ಏಳು ಜಾಸ್ತಿ ಮಾತಾಡುತ್ತಿತ್ತು.

ಅದರ ಮನಸ್ಸಿನೊಳಗೆ ಹೊಕ್ಕು ಬರೆಯುವ ಚಟ ಬಿಡಿಸಿದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಹೇಳಿಕೊಂಡ ಪ್ರಸಂಗ. 1966ರಲ್ಲಿ ಅವರು ಪ್ರಕಟಿಸಿದ ‘ಎಲೈಜಾ’ ಎಂಬ ಪ್ರೋಗ್ರಾಮಿಗೆ, ನಾವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ. ಅವರು ಅದನ್ನು ತಿಂಗಳುಗಟ್ಟಲೆ ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದ ಕಾರ್ಯದರ್ಶಿಯೇ, ಅದರೊಂದಿಗೆ ನಾಲ್ಕು ಮಾತಾಡುವಷ್ಟರಲ್ಲಿ, ಕೋಣೆಯಿಂದ ಆಚೆ ಹೋಗುವಂತೆ ಅವರನ್ನು ಕೇಳಿಕೊಂಡರು. ಯಂತ್ರದೊಳಗೆ ಭಾವನೆ ಇದೆಯೋ ಇಲ್ಲವೋ, ಏಕಾಂತ ಬೇಕಾದದ್ದು ಮನುಷ್ಯರಿಗೆ. ಅಲ್ಲಿಂದಾಚೆ ಏಳರ ಒಳಗೆ ಏನಾಗುತ್ತಿದೆ ಅಂತ ಒಂದು ಸಾಲೂ ಬರೆಯಲಿಲ್ಲ. ಮುಖವನ್ನೂ ತೆಗೆದುಹಾಕಿದೆ. ಬಹುಪಾಲು ಮನುಷ್ಯರಂತಿದ್ದೂ ಪೂರ್ತಿ ಹಾಗಿಲ್ಲದ ಬೊಂಬೆ ಕಂಡರೆ ನಮಗೆ ಕಸಿವಿಸಿ ಎಂದು ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದಾರೆ. ಆ ಅಗ್ಗದ ಭಯ ನನಗೆ ಬೇಡವಾಗಿತ್ತು.

ನಿಜವಾದ ಕುಸ್ತಿ ನಡೆದದ್ದು ವ್ಯಾಕರಣದ ಜೊತೆ. ಕನ್ನಡದಲ್ಲಿ ಪಾತ್ರ ಬಾಗಿಲು ದಾಟಬೇಕಾದರೂ ಕ್ರಿಯಾಪದ ಅಡ್ಡ ನಿಂತು ಕೇಳುತ್ತದೆ: ಬಂತೋ, ಬಂದಳೋ, ಬಂದನೋ? ಕಾರೆಲ್ ಚಾಪೆಕ್ 1920ರ ತಮ್ಮ ನಾಟಕಕ್ಕೆ ‘ರೋಬೋಟ್’ ಪದ ತಂದದ್ದು ಜೆಕ್ ಭಾಷೆಯ ‘ರೋಬೋಟಾ’ದಿಂದ, ಅಂದರೆ ಬಿಟ್ಟಿ ಚಾಕರಿಯಿಂದ. ಬಿಟ್ಟಿ ಆಳಿಗೆ ‘ಬಂದರು’ ಅನ್ನುವವರು ಯಾರಿದ್ದಾರೆ! ಮೊದಲು, 12ನೇ ಅಧ್ಯಾಯದ ಹೊತ್ತಿಗೆ ನಿರೂಪಣೆಯಲ್ಲೇ ‘ಬಂತು’ ಹೋಗಿ ‘ಬಂದ’ ಆಗುವಂತೆ ಮಾಡಿದ್ದೆ. ಓದುಗರ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗಿತ್ತು. ತೆಗೆದೆ. ಈಗ ನಿರೂಪಣೆಯಲ್ಲಿ ಕೊನೆಯವರೆಗೂ ‘ಅದು’. ಮಿಕ್ಕದ್ದು ಪಾತ್ರಗಳ ಬಾಯಿಗೆ ಬಿಟ್ಟದ್ದು. ‘ಅದು’ ಅಂದರೆ ತಾತ್ಸಾರವೇ ಆಗಬೇಕಿಲ್ಲ, ಮಗುವಿಗೂ ಹಾಗೇ ಅನ್ನುತ್ತೇವೆ. ಕಾವಲಿನ ಮುದುಕ “ಪಾಪ, ರಾತ್ರಿಯೆಲ್ಲ ಒಂದೇ ಕೂತಿರುತ್ತೆ” ಅಂದಾಗ ಆ ‘ಇರುತ್ತೆ’ಯಲ್ಲಿ ಅಕ್ಕರೆ ಇದೆ. ಈ ತಾಪತ್ರಯ ಇಲ್ಲದ್ದು ಏಳಕ್ಕೆ ಮಾತ್ರ. ‘ನಾನು ಬಂದೆ, ನಾನು ನೋಡಿದೆ’ ಅನ್ನುವಾಗ ಗಂಡಿಗೂ ಹೆಣ್ಣಿಗೂ ವಸ್ತುವಿಗೂ ಒಂದೇ ರೂಪ. ಅದರ ಸಾಕ್ಷ್ಯದ ಅಧ್ಯಾಯ ಪೂರ್ತಿ ‘ನಾನು’ ಮೇಲೆಯೇ ನಡೆಯುತ್ತದೆ.

ಸುಳಿವನ್ನೂ ಇಲ್ಲೇ ಬಚ್ಚಿಟ್ಟೆ. ಆ ರೋಬೋಟನ್ನು ತಾನು ಹತ್ತಿರದಿಂದ ಕಂಡೇ ಇಲ್ಲ ಅನ್ನುವ ಪ್ರಯೋಗಾಲಯದ ನಿರ್ದೇಶಕ, 4ನೇ ಅಧ್ಯಾಯದಲ್ಲಿ ಬಾಯಿತಪ್ಪಿ “ಅಷ್ಟೊತ್ತಿಗಾಗಲೇ ಏಳು ಒಳಗಿದ್ದ” ಅನ್ನುತ್ತಾನೆ. ಎಷ್ಟೋ ರಾತ್ರಿ ಅದರೆದುರು ಕೂತು ತನ್ನ ಗೋಳು ತೋಡಿಕೊಂಡವನ ನಾಲಿಗೆಗೆ ಮಾತ್ರ ಬರುವ ‘ಇದ್ದ’ ಅದು. ಯಾರೂ ಗಮನಿಸುವುದಿಲ್ಲ.

ಗಮನಿಸಿದ್ದು ಪ್ರೂಫ್ ತಿದ್ದಿದವರು. ‘ಒಳಗಿತ್ತು’ ಮಾಡಿ, ಬದಿಯಲ್ಲಿ ‘ಲಿಂಗ ವ್ಯತ್ಯಾಸ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಫೋನ್ ಮಾಡಿ, ಬೇಕೆಂದೇ ಹಾಗೆ ಬರೆದಿದ್ದೇನೆ ಸರ್ ಅಂದೆ. “ಹಾಗಾದರೆ ಬೇರೆ ಕಡೆ ಯಾಕೆ ಸರಿಯಾಗಿ ಬರೆದಿದ್ದೀರಿ?” ಅಂತ ಕೇಳಿದರು. ಹತ್ತು ನಿಮಿಷ ಕಥೆ ಹೇಳಿ ಒಪ್ಪಿಸಬೇಕಾಯಿತು.

ಆದರೆ 14ನೇ ಅಧ್ಯಾಯದಲ್ಲಿ ನಿರ್ದೇಶಕ ಎರಡನೇ ಸಲ ನಾಲಿಗೆ ಜಾರಿಸುವ ಜಾಗವಿತ್ತು. ಅಲ್ಲಿನ ತಿದ್ದುಪಡಿ ನನ್ನ ಕಣ್ಣಿಗೆ ಬೀಳಲಿಲ್ಲ, ‘ಇತ್ತು’ ಅಂತಲೇ ಅಚ್ಚಾಗಿದೆ. ಪುಸ್ತಕ ಬಂದ ಮೇಲೆ ಓದುಗರೊಬ್ಬರು ಆ ಪುಟವನ್ನೇ ಎತ್ತಿ ಹೊಗಳಿ ಬರೆದರು: ಇಷ್ಟು ಹೊತ್ತಿಗೆ ನಿರ್ದೇಶಕ ಎಚ್ಚೆತ್ತುಕೊಂಡು, ಅಳೆದು ತೂಗಿ ‘ಇತ್ತು’ ಅನ್ನುತ್ತಾನೆ, ಆ ಜಾಣತನ ಎಷ್ಟು ಸೂಕ್ಷ್ಮವಾಗಿ ಬಂದಿದೆ ಅಂತ. ಥ್ಯಾಂಕ್ಸ್ ಅಂತ ಉತ್ತರ ಬರೆದೆ.