ಎಪಿಯಲ್ಲಿ 5 ಬಂತು, ಕ್ರೆಡಿಟ್ ಎಲ್ಲಿ ಕೂತಿತು?

ಶಿವಮೊಗ್ಗದಲ್ಲಿ ಎಂಟನೇ ಕ್ಲಾಸ್ ಮುಗಿಸಿ ಅಪ್ಪ ಅಮ್ಮನ ಜೊತೆ ಟೆಕ್ಸಾಸ್‌ಗೆ ಬಂದವನು ನಾನು. ಇಲ್ಲಿ ಗಣೇಶನ ಹಬ್ಬದ ಊಟಕ್ಕೆ ಸಾಲಿನಲ್ಲಿ ನಿಂತರೆ ಆಂಟಿಯರು ಮೊದಲು ಕೇಳುತ್ತಿದ್ದದ್ದು, "ಈ ವರ್ಷ ಎಷ್ಟು ಎಪಿ ತಗೊಂಡಿದ್ದೀಯಪ್ಪ?" ಯಾವುದು, ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ನಾನೂ ಯೋಚಿಸಲಿಲ್ಲ. ಐದು ಬರೆದೆ. ಅದರಲ್ಲಿ ನನಗೆ ಇಷ್ಟವೇ ಇಲ್ಲದ ವಿಷಯಗಳು ಕೈಹಿಡಿದವು, ಇಷ್ಟದ ಗಣಿತ ಕೈಕೊಟ್ಟಿತು.

ಎಪಿ ಅಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲೇ ವರ್ಷವಿಡೀ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ನಡೆಸುವ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಡಿಗ್ರಿ ಮುಗಿಸಲು ಕೋರ್ಸ್‌ಗಳಿಂದ ಇಂತಿಷ್ಟು ಕ್ರೆಡಿಟ್ ಕೂಡಿಸಬೇಕು; ಎಪಿಯಲ್ಲಿ ಒಳ್ಳೆಯ ಅಂಕ ಬಂದರೆ ಹಲವು ಕಾಲೇಜುಗಳು ಆ ಕೋರ್ಸ್ ಮುಗಿದಂತೆಯೇ ಲೆಕ್ಕ ಹಾಕಿ ಕ್ರೆಡಿಟ್ ಕೊಡುತ್ತವೆ. ಒಂದೊಂದು ಪರೀಕ್ಷೆಗೆ ಈಗ ಸುಮಾರು 100 ಡಾಲರ್. ಪಿಯುಸಿ, ಸಿಇಟಿ ಕಂಡ ಅಪ್ಪನಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. "ರ‍್ಯಾಂಕ್ ಇಲ್ಲ ಅಂದ್ಮೇಲೆ ಬರೆಯೋದ್ಯಾಕೋ?" ಅಂದರು. ಈಗ ನೋಡಿದರೆ ಒಳ್ಳೆಯ ಪ್ರಶ್ನೆಯೇ.

ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಓದಲಿ, ಸಂಗೀತ ಓದಲಿ, 42 ಕ್ರೆಡಿಟ್‌ಗಳ 'ಕೋರ್' ಎಲ್ಲರಿಗೂ ಕಡ್ಡಾಯ. ಅದರಲ್ಲಿ ಅಮೆರಿಕದ ಇತಿಹಾಸಕ್ಕೇ 6. ಕೆಳದಿ ಚೆನ್ನಮ್ಮನ ಕಥೆ ಕೇಳಿ ಬೆಳೆದ ನನಗೆ ಆಂಡ್ರೂ ಜ್ಯಾಕ್ಸನ್ ಯಾರೆಂದು ತಿಳಿದದ್ದೇ ಆ ಎಪಿ ಕ್ಲಾಸಿನಲ್ಲಿ. 55 ನಿಮಿಷಕ್ಕೆ 55 ಬಹುಆಯ್ಕೆ ಪ್ರಶ್ನೆ. ಅದಾದರೂ ವಾಸಿ. ನಡುಕ ಹುಟ್ಟಿಸಿದ್ದು ಡಿಬಿಕ್ಯು ಅನ್ನುವ ಪ್ರಬಂಧ: ಏಳು ದಾಖಲೆ ಮುಂದಿಟ್ಟು, ಒಂದು ಗಂಟೆಯೊಳಗೆ ವಾದ ಕಟ್ಟು ಅನ್ನುತ್ತಾರೆ. ಇಸವಿ ಬಾಯಿಪಾಠ ಮಾಡಿದ್ದು ಅಲ್ಲಿ ಮೂರು ಕಾಸಿಗೂ ಬರಲಿಲ್ಲ. ಹಳೆಯ ಪ್ರಶ್ನೆಗಳು, ಅಂಕ ಕೊಡುವ ರೀತಿ ಎರಡನ್ನೂ ಕಾಲೇಜ್ ಬೋರ್ಡೇ ಪುಕ್ಕಟೆ ಹಾಕಿರುತ್ತದೆ. ಮಾರ್ಚ್‌ನಿಂದ ಪ್ರತಿ ಭಾನುವಾರ ಗಡಿಯಾರ ಇಟ್ಟುಕೊಂಡು ಒಂದು ಪ್ರಬಂಧ ಬರೆದೆ, ಆಮೇಲೆ ಮೇಷ್ಟ್ರ ಥರ ಕೆಂಪು ಪೆನ್ನು ಹಿಡಿದು ನಾನೇ ತಿದ್ದಿದೆ. 4 ಬಂತು. ಇತಿಹಾಸದ ಆರೂ ಕ್ರೆಡಿಟ್ ಸಿಕ್ಕವು. ಇಂಗ್ಲಿಷ್ ಲ್ಯಾಂಗ್ವೇಜ್‌ನಿಂದ ಇನ್ನು ಮೂರು. ಗವರ್ನಮೆಂಟ್ ಮಾತ್ರ ಅರ್ಧ ದಾರಿಯಲ್ಲಿ ನಿಂತಿತು. ಎಪಿಯಲ್ಲಿ ಕೇಂದ್ರ ಸರ್ಕಾರದ ಪಾಠವಷ್ಟೇ ಇರುತ್ತದೆ, ಟೆಕ್ಸಾಸ್ ಸಂವಿಧಾನಕ್ಕೆ ಬೇರೆ ಕೋರ್ಸ್ ಮಾಡಲೇಬೇಕಾಯಿತು.

ಫಿಸಿಕ್ಸ್ 1 ಪೂರ್ತಿ ದಂಡ. ಅದು ಕ್ಯಾಲ್ಕುಲಸ್ ಬಳಸದ ಭೌತಶಾಸ್ತ್ರ, ಎಂಜಿನಿಯರಿಂಗ್‌ಗೆ ಬೇಕಾದದ್ದು ಕ್ಯಾಲ್ಕುಲಸ್ ಸಹಿತವಾದದ್ದು, ಅಂದರೆ ಫಿಸಿಕ್ಸ್ ಸಿ. ಕ್ರೆಡಿಟ್ ಕೊಟ್ಟರು, ನನ್ನ ಡಿಗ್ರಿಯಲ್ಲಿ ಅದನ್ನು ಕೂರಿಸಲು ಜಾಗವೇ ಇರಲಿಲ್ಲ. ನೆಂಟರ ಮನೆಗೆ ಹಾಸಿಗೆ ಹೊತ್ತುಕೊಂಡು ಹೋಗಿ ವಾಪಸ್ ಹೊತ್ತು ತಂದ ಹಾಗೆ.

ಇನ್ನು ಕ್ಯಾಲ್ಕುಲಸ್ ಬಿಸಿ (BC), ಅಂದರೆ ಕಾಲೇಜಿನ ಕ್ಯಾಲ್ಕುಲಸ್ 1, 2 ಎರಡಕ್ಕೂ ಸಮನಾದ ಎಪಿ. ಬಂದದ್ದು 5. ಹಿಗ್ಗಿ ಹೀರೇಕಾಯಿಯಾದೆ. ಅದನ್ನು ನಂಬಿ ಕ್ಯಾಲ್ಕುಲಸ್ 1, 2 ಎರಡನ್ನೂ ಬಿಟ್ಟು ಮೊದಲ ಸೆಮಿಸ್ಟರ್‌ನಲ್ಲೇ 3ಕ್ಕೆ ಹೋಗಿ ಕೂತೆ. ಆಗ ಹೊಳೆಯದಿದ್ದ ವಿಷಯ, 5 ಬರಲು ಮೂರರಲ್ಲಿ ಎರಡು ಪಾಲು ಸರಿಯಾದರೂ ಸಾಕಾಗುತ್ತದೆ ಅನ್ನುವುದು. ನನಗೆ ಬಾರದ ಆ ಮೂರನೇ ಪಾಲು ಯಾವುದು ಅಂತ ನೋಡಿಕೊಂಡಿರಲಿಲ್ಲ. ಅನಂತ ಶ್ರೇಣಿಗಳನ್ನು ಏಪ್ರಿಲ್ ಕೊನೆಯಲ್ಲಿ ಓಡಿಸಿದ್ದರು, ನಡುವೆ ಮೂರು ತಿಂಗಳ ರಜೆ ಬೇರೆ. ಸಿ ಗ್ರೇಡ್ ಬಂತು, ಅದೂ ಕಷ್ಟಪಟ್ಟು. ನಮ್ಮ ವಿಶ್ವವಿದ್ಯಾಲಯದಲ್ಲಿ ಕ್ರೆಡಿಟ್ ಬೇಕು ಅಂತ ನಾವೇ ಕೇಳಿ ಪಡೆಯಬೇಕು, ತಾನಾಗಿ ಹತ್ತುವುದಿಲ್ಲ. ಕ್ಯಾಲ್ಕುಲಸ್ 1ಕ್ಕೆ ಮಾತ್ರ ಕೇಳಿ 2ನ್ನು ಅಲ್ಲೇ ಓದಬಹುದಿತ್ತು. ಯಾರೂ ಬೇಡ ಅಂದಿರಲಿಲ್ಲ, ಜಂಬ ಅಷ್ಟೇ.

ದುಡ್ಡು ಉಳಿಯಿತಾ ಅಂತ ಅಮ್ಮ ಕೇಳುತ್ತಾರೆ. ನೇರವಾಗಿ ಇಲ್ಲ. ನಮ್ಮ ವಿಶ್ವವಿದ್ಯಾಲಯದಲ್ಲಿ 12 ಕ್ರೆಡಿಟ್ ದಾಟಿದ ಮೇಲೆ ಎಷ್ಟು ತೆಗೆದುಕೊಂಡರೂ ಒಂದೇ ಫೀಸು. ಪೂರ್ತಿ ಒಂದು ಸೆಮಿಸ್ಟರ್ ಕಡಿಮೆಯಾದರೆ ಮಾತ್ರ ಲಾಭ. ಎಂಜಿನಿಯರಿಂಗ್‌ನಲ್ಲೋ ಒಂದು ಕೋರ್ಸ್ ಮುಗಿಯದೆ ಮುಂದಿನದಕ್ಕೆ ಬಿಡುವುದಿಲ್ಲ, ಆ ಸರಪಳಿ ಎಂಟು ಸೆಮಿಸ್ಟರ್ ಉದ್ದ. ನನಗೆ ಸಿಕ್ಕಿದ್ದು ಉಸಿರಾಡಲು ಪುರುಸೊತ್ತು: ಉಳಿದವರು 16 ಕ್ರೆಡಿಟ್ ಹೊತ್ತು ಏದುಸಿರು ಬಿಡುವಾಗ ನಾನು 13ರಲ್ಲಿದ್ದೆ, ಜೊತೆಗೆ ಲ್ಯಾಬ್‌ನಲ್ಲಿ ಸಂಬಳದ ಕೆಲಸ. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಓದುವವರಿಗೆ ಸರಪಳಿ ಇಷ್ಟು ಬಿಗಿಯಿಲ್ಲ, ಅವರು ಮೂರೂವರೆ ವರ್ಷಕ್ಕೇ ಮುಗಿಸಬಹುದು.

ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಟ್ಟವರಿಗೆ ಲೆಕ್ಕವೇ ಬೇರೆ. ಡಾರ್ಟ್‌ಮತ್ 2014ರಿಂದ ಎಪಿಗೆ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಿತು. ಅಲ್ಲಿ ಎಪಿ ಓದಿದ್ದು ಸೀಟು ಸಿಗಲು ನೆರವಾದೀತು, ಕ್ರೆಡಿಟ್‌ಗಲ್ಲ.

ಈಗ ಚಿಕ್ಕಪ್ಪನ ಮಗಳ ಸರದಿ. ಅವಳಿಗೂ ಎಂಜಿನಿಯರಿಂಗ್ ಹುಚ್ಚು. ಒಂದು ಕಡೆ ವಿಶ್ವವಿದ್ಯಾಲಯದ ಎಪಿ ಪಟ್ಟಿ, ಇನ್ನೊಂದು ಕಡೆ ಅವಳಿಗೆ ಬೇಕಾದ ಡಿಗ್ರಿ ಪ್ಲಾನ್, ಎರಡನ್ನೂ ಪ್ರಿಂಟ್ ತೆಗೆದು ಅಡುಗೆಮನೆ ಟೇಬಲ್ ಮೇಲೆ ಹರಡಿ ಕೂತೆವು. ಆ ಪ್ಲಾನಿನ ಯಾವ ಮನೆಯಲ್ಲೂ ಕೂರದ ವಿಷಯಗಳನ್ನು ಅವಳೇ ಹೊಡೆದು ಹಾಕಿದಳು. ನವೆಂಬರ್ ಮಧ್ಯದೊಳಗೆ ಹೆಸರು ಕೊಡಬೇಕು, ಆಮೇಲೆ ಬೇಡ ಅಂದರೆ 40 ಡಾಲರ್ ಹೋಯಿತು. ಇತಿಹಾಸ, ಇಂಗ್ಲಿಷ್, ಫಿಸಿಕ್ಸ್ ಸಿ ಮೆಕ್ಯಾನಿಕ್ಸ್, ಕ್ಯಾಲ್ಕುಲಸ್ ಬಿಸಿ ಉಳಿದಿವೆ. ಕ್ಯಾಲ್ಕುಲಸ್ 2 ಬಿಡಬೇಡ ಅಂದದ್ದಕ್ಕೆ, "ನಿಂಗೆ ಸಿ ಬಂತು ಅಂತ ನಂಗೂ ಬರುತ್ತಾ ಅಣ್ಣಾ?" ಅಂದಳು.